ಕ್ಯೂ ಎಲ್ಲಿಗೆ ಹೋಯ್ತು?

ಮೊನ್ನೆ ಊರಿಗೆ ಹೋಗಿದ್ದಾಗ ದೊಡ್ಡಪ್ಪನ ಜೊತೆ ಸೈಬರ್ ಅಂಗಡಿಯಲ್ಲಿ ಅರ್ಧ ದಿನ ಕಳೆದೆ. ಪಹಣಿಯಲ್ಲಿ ಅವರ ಹೆಸರು ‘ಸಿದ್ದಪ್ಪ’, ಆಧಾರ್‌ನಲ್ಲಿ ‘ಸಿದ್ದಪ್ಪಗೌಡ’. ಇಬ್ಬರೂ ಒಬ್ಬರೇ ಅಂತ ಇಡೀ ಊರಿಗೆ ಗೊತ್ತು, ಕಂಪ್ಯೂಟರಿಗೆ ಮಾತ್ರ ಗೊತ್ತಿಲ್ಲ! ಮೂರು ಸಲ ತುಂಬಿದರೂ ಅರ್ಜಿ ಮುಂದಕ್ಕೇ ಹೋಗಲಿಲ್ಲ. ಅಂಗಡಿಯ ಹುಡುಗನಿಗೆ ದುಡ್ಡು ಮಾತ್ರ ಮೂರು ಸಲವೂ ಹೋಯ್ತು.

ದೊಡ್ಡಪ್ಪ ಅಂದರು: "ಮೊದ್ಲಾದ್ರೆ ಲೆಕ್ಕಿಗರನ್ನ ಬೈಬೋದಿತ್ತು ಕಣೋ, ಇದನ್ನ ಏನಂತ ಬೈಯೋದು?"

ನಗು ಬಂತು. ಆದರೆ ಆ ಮಾತು ಇನ್ನೂ ಕೊರೀತಾನೇ ಇದೆ.

ನಾನು ಆನ್‌ಲೈನ್ ವಿರೋಧಿ ಅಲ್ಲ. ನಮ್ಮ ‘ಭೂಮಿ’ ಯೋಜನೆಯನ್ನೇ ನೋಡಿ. ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಆರಂಭದಲ್ಲಿ ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಸಿಗ್ತಿತ್ತು. ಗ್ರಾಮ ಲೆಕ್ಕಿಗರ ಮನೆ ಬಾಗಿಲಿಗೆ ಅಲೆಯೋದು ತಪ್ಪಿತು. ಆದರೆ ಆ ಕಿಟಕಿಯ ಹಿಂದೆ ಒಬ್ಬ ಮನುಷ್ಯ ಇದ್ದ ಅನ್ನೋದನ್ನ ನಾವು ಮರೀತೀವಿ.

ಆಮೇಲೆ ‘ಸಕಾಲ’ ಬಂತು. 2011ರ ಕಾಯ್ದೆ, 2012ರಲ್ಲಿ ಜಾರಿ. ಹೇಳಿದ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಒಳ್ಳೆಯ ಕಾನೂನೇ. ಆದರೆ ಗಡಿಯಾರ ಓಡೋಕೆ ಶುರುವಾಗೋದು ಅರ್ಜಿ ಸ್ವೀಕಾರವಾಗಿ ನಂಬರ್ ಸಿಕ್ಕ ಮೇಲೆ. ದೊಡ್ಡಪ್ಪನ ಅರ್ಜಿಗೆ ನಂಬರೇ ಇಲ್ಲ. ಅಂದರೆ ಸರ್ಕಾರದ ಲೆಕ್ಕದಲ್ಲಿ ಅವರು ಅರ್ಜಿ ಹಾಕಿಯೇ ಇಲ್ಲ, ಯಾರೂ ತಡ ಮಾಡಿಯೂ ಇಲ್ಲ!

ಕಚೇರಿ ಮುಂದಿನ ಕ್ಯೂ ಕರಗಿದೆ ಅಂತ ನಾವು ಬೀಗ್ತೀವಿ. ಅದು ಕರಗಿಲ್ಲ ಸ್ವಾಮಿ, ಸೈಬರ್ ಅಂಗಡಿಯ ಬೆಂಚಿಗೆ ಹೋಗಿ ಕೂತಿದೆ. ಅಲ್ಲಿ ಅದನ್ನ ಎಣಿಸೋರು ಯಾರೂ ಇಲ್ಲ.

ನಾನು ಕೇಳೋದು ಎರಡೇ. ಒಂದು, ಕಂಪ್ಯೂಟರ್ ತಿರಸ್ಕರಿಸಿದ ಅರ್ಜಿಗೂ ಒಂದು ನಂಬರ್ ಕೊಡಿ, ಕಾರಣವನ್ನ ಕನ್ನಡದಲ್ಲಿ ಬರೆದು ಕೊಡಿ. ಎರಡು, ನಾಡಕಚೇರಿಯಲ್ಲಿ ಇಂಥ ತಪ್ಪನ್ನ ತಿದ್ದುವ ಅಧಿಕಾರ ಇರೋ ಒಬ್ಬರನ್ನ ಕೂರಿಸಿ. ಬೈಯೋಕಾದ್ರೂ ಒಬ್ಬರು ಬೇಕಲ್ವಾ?

ನಿಮ್ಮೂರಲ್ಲಿ ಹೇಗಿದೆ? ನೀವೇನಂತೀರಿ?