ಹಳೆಯ ಮರದ ಲಾರಿ: ಗುಜರಿಯೋ, ಬಂಡವಾಳವೋ?

ಹುಣಸೂರು, ಹನಗೋಡು, ಪಿರಿಯಾಪಟ್ಟಣ ಭಾಗದ ವಾಣಿಜ್ಯದಲ್ಲಿ ಮರಮುಟ್ಟಿನ ಸ್ಥಾನ ಹಿರಿದು. ಕೂಪಿನಿಂದ ಡಿಪೋಗೆ ದಿಮ್ಮಿ ಸಾಗಿಸುತ್ತಿದ್ದ ಉದ್ದ ಮೂತಿಯ ಲಾರಿಗಳು ಆ ವ್ಯಾಪಾರದ ಬೆನ್ನೆಲುಬಾಗಿದ್ದವು. 1988ರಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು. ಅನುಮೋದಿತ ಕಾರ್ಯಯೋಜನೆಯಿಲ್ಲದೆ ಕಾಡಿನ ಮರ ಕಡಿಯುವುದನ್ನು ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರ್ 12ರಂದು ತಡೆಯಿತು. ಕಾಡಿನ ದಿಮ್ಮಿ ವಿರಳವಾಗಿ, ಮಿಲ್ಲುಗಳು ತೋಟದ ಸಿಲ್ವರ್ ಓಕ್, ನೀಲಗಿರಿಗಳತ್ತ ಹೊರಳಿದವು. ಹಳೆಯ ಲಾರಿಗಳು ಮೂಲೆ ಸೇರಿದವು.

ಇವುಗಳನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಕೊಡುವ ಮುನ್ನ ನಮ್ಮ ವರ್ತಕ ಬಂಧುಗಳು ಒಮ್ಮೆ ಯೋಚಿಸುವುದು ಒಳಿತು. 1954ರಿಂದ ಜಮ್‌ಶೆಡ್‌ಪುರದಲ್ಲಿ ತಯಾರಾದ ಟಾಟಾ-ಮರ್ಸಿಡಿಸ್-ಬೆಂಜ್ ಲಾರಿಯನ್ನು ಮೂಲಸ್ಥಿತಿಗೆ ತರಬಲ್ಲ ಕುಶಲಕರ್ಮಿಗಳು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಇಂಧನ ಪಂಪಿನ ಹೊಂದಾಣಿಕೆ, ಕ್ರ್ಯಾಂಕ್ ಶಾಫ್ಟಿನ ಸಾಣೆ, ಪಟ್ಟಿ ಸ್ಪ್ರಿಂಗಿನ ಹದ, ಮರದ ಬಾಡಿಯ ಜೋಡಣೆ ಇವೆಲ್ಲ ಕೈಯಿಂದ ಕೈಗೆ ಬಂದ ವಿದ್ಯೆಗಳು. ಲಾರಿ ಕರಗಿದರೆ ಕಬ್ಬಿಣದ ಬೆಲೆಯಾದರೂ ಉಳಿದೀತು. ವಿದ್ಯೆ ಅಳಿದರೆ ಏನೂ ಉಳಿಯದು.

ಆದರೆ ಈ ಉದ್ದಿಮೆಗೆ ಕಾನೂನಿನ ತೊಡಕುಗಳಿವೆ. 2021ರ ಜುಲೈನಲ್ಲಿ ಕೇಂದ್ರವು ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. ಐವತ್ತು ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಬದಲಾಗದ ಸ್ವಂತ ಬಳಕೆಯ ಎರಡು ಮತ್ತು ನಾಲ್ಕು ಚಕ್ರದ ವಾಹನಗಳಿಗಷ್ಟೇ ಅದು ಅನ್ವಯ. ಸರಕು ಲಾರಿಯ ಮಾಲೀಕನಿಗೆ ಇದರಿಂದ ಪ್ರಯೋಜನವಿಲ್ಲ. ಅಲ್ಲದೆ, ನಮ್ಮಲ್ಲಿ ಲಾರಿಗಳು ಹೆಚ್ಚಾಗಿ ಕಾರ್ಖಾನೆಯಿಂದ ಬರಿಯ ಚಾಸಿಯಾಗಿ ಹೊರಬರುತ್ತಿದ್ದವು. ಬಾಡಿ ಕಟ್ಟುತ್ತಿದ್ದವರು ಸ್ಥಳೀಯ ಬಡಗಿ, ಕಮ್ಮಾರರು. ಹೀಗಿರುವಾಗ ಇಂಥ ಲಾರಿಯ ಮೂಲ ಬಾಡಿ ಯಾವುದು? ಚಾಸಿ, ಎಂಜಿನ್, ಆಕ್ಸಲ್‌ಗಳನ್ನು ಮೂಲವೆಂದು ಪರಿಗಣಿಸಿ, ಆ ಕಾಲದ ಸ್ಥಳೀಯ ಮಾದರಿಯ ಬಾಡಿಗೆ ಮನ್ನಣೆ ನೀಡುವುದೇ ನ್ಯಾಯ.

ಗ್ರಾಹಕನ ಇಚ್ಛೆಯಂತೆ ಮಾರ್ಪಡಿಸುವುದು ಬೇರೆಯೇ ಕಸುಬು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ವಿವರಣೆಗೆ ವಿರುದ್ಧವಾದ ಬದಲಾವಣೆಯನ್ನು ನಿರ್ಬಂಧಿಸುತ್ತದೆ; 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ದೃಢಪಡಿಸಿದೆ. ಚಾಸಿ ಕತ್ತರಿಸಿ ಉದ್ದಗೊಳಿಸಿದ ಲಾರಿಯನ್ನು ರಸ್ತೆಗಿಳಿಸುವುದು ಜಾಣತನವಲ್ಲ. ಕಾರ್ಖಾನೆ ಅಥವಾ ಆವರಣದೊಳಗಿನ ಬಳಕೆಗೆಂದೇ ವಿಶೇಷವಾಗಿ ರೂಪಿಸಿದ ವಾಹನವು ಕಾಯ್ದೆಯ ವ್ಯಾಖ್ಯೆಗೆ ಹೊರತಾಗಿದೆ. ಮಿಲ್ಲಿನ ಅಂಗಳದ ದಿಮ್ಮಿ ಸಾಗಣೆಗೆ ಆ ದಾರಿಯುಂಟು. ಆದರೆ ಅಂಥ ವಾಹನ ಗೇಟು ದಾಟಬಾರದು. ಗ್ಯಾರೇಜಿನವರು ಕೆಲಸ ಹಿಡಿಯುವ ಮೊದಲೇ ಈ ಭೇದವನ್ನು ಲಿಖಿತ ಅಂದಾಜುಪಟ್ಟಿಯಲ್ಲಿ ನಮೂದಿಸುವುದು ಉಭಯತರಿಗೂ ಕ್ಷೇಮ.

ಈ ಮಾರುಕಟ್ಟೆ ಚಿಕ್ಕದೆಂಬ ಆಕ್ಷೇಪಣೆ ಸಹಜ. ಸಂಗ್ರಾಹಕರು, ಎಸ್ಟೇಟುಗಳು, ಪ್ರದರ್ಶನಾಲಯಗಳೇ ಇದರ ಗಿರಾಕಿಗಳು. ಬಾಡಿಗೆ ಓಡಿಸಿ ಬಂಡವಾಳ ಹಿಂಪಡೆಯಲಾಗದು. ಆದರೆ ಇದೇ ಕೌಶಲ ಟ್ರ್ಯಾಕ್ಟರು, ಪಂಪ್‌ಸೆಟ್ಟು, ಗರಗಸದ ಮಿಲ್ಲುಗಳ ದುರಸ್ತಿಗೂ ಆಧಾರ. ಹಿಂದೆ ಹುಣಸೂರಿನಲ್ಲಿ ಸರ್ಕಾರದ ಚರ್ಮ, ಕಂಬಳಿ ಕಾರ್ಖಾನೆಗಳು ಮುಚ್ಚಿದ ಮೇಲೂ ಅಲ್ಲಿ ಪಳಗಿದ ಕೈಗಳು ಊರಿನ ಕಸುಬನ್ನು ಮುಂದುವರಿಸಿದವೆಂಬುದನ್ನು ಮರೆಯಲಾಗದು.

ಆದುದರಿಂದ ವಾಣಿಜ್ಯ ಸಂಸ್ಥೆಗಳು ಮೂರು ಕಾರ್ಯಗಳನ್ನು ಕೈಗೊಳ್ಳಲಿ: ಉಳಿದಿರುವ ಲಾರಿಗಳ ಮತ್ತು ಕುಶಲಕರ್ಮಿಗಳ ಪಟ್ಟಿ, ಐ.ಟಿ.ಐ. ವಿದ್ಯಾರ್ಥಿಗಳಿಗೆ ಈ ಗ್ಯಾರೇಜುಗಳಲ್ಲಿ ತರಬೇತಿ. ವಿಂಟೇಜ್ ನಿಯಮದಲ್ಲಿ ಸರಕು ವಾಹನಗಳನ್ನೂ ಸೇರಿಸುವಂತೆ ಕೇಂದ್ರ ಸಾರಿಗೆ ಸಚಿವಾಲಯಕ್ಕೆ ಮನವಿ. ಕೊನೆಯ ಮೇಸ್ತ್ರಿ ಕೆಲಸ ಬಿಡುವ ಮುನ್ನ ಇವು ನಡೆದರೆ ಮಾತ್ರ ಸಾರ್ಥಕ.