ಮೇ ತಿಂಗಳ ಬಿಸಿಲಲ್ಲಿ ಪರೀಕ್ಷೆ ನಡೆಯಲಿ

ಸೌರಶಕ್ತಿಯ ವಾಹನವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕಾರು. ಕೋಲಾರ ಮೂಲದ ಸೈಯದ್ ಸಜ್ಜನ್ ಅಹ್ಮದ್ ಅವರು 2015ರಲ್ಲಿ ತಾವೇ ಕಟ್ಟಿದ ಸೌರ ಕಾರಿನಲ್ಲಿ ಬೆಂಗಳೂರಿನಿಂದ ದೆಹಲಿಯ ವಿಜ್ಞಾನ ಉತ್ಸವಕ್ಕೆ ಸುಮಾರು 3,000 ಕಿ.ಮೀ. ಕ್ರಮಿಸಿದರು, ಅವರಿಗೆ ಸಂದ ಪ್ರಶಂಸೆ ಯೋಗ್ಯವೇ ಆಗಿತ್ತು. ಆದರೆ ಬಾಗಲಕೋಟೆ ಜಿಲ್ಲೆಗೆ ಬೇಕಿರುವುದು ದೆಹಲಿ ಮುಟ್ಟುವ ಕಾರಲ್ಲ. ಇಳಕಲ್ಲಿನ ಓಣಿಗಳಲ್ಲಿ ನೂಲು, ಸೀರೆ ಹೊತ್ತು ನಿಧಾನಕ್ಕೆ ಸಾಗುವ ಮೂರು ಗಾಲಿಯ ಗಾಡಿ. ಅದರ ಜೀವಾಳ ಮೋಟಾರೂ ಅಲ್ಲ, ಫಲಕಕ್ಕೂ ಬ್ಯಾಟರಿಗೂ ನಡುವೆ ಕೂರುವ ಅಂಗೈಯಗಲದ ಸರ್ಕ್ಯೂಟು ಎಂಬುದು ನನ್ನ ವಾದ.

ಎಂಪಿಪಿಟಿ ಎಂಬ ಈ ಸರ್ಕ್ಯೂಟನ್ನು ಹಲವರು ಫಲಕವನ್ನು ಸೂರ್ಯನತ್ತ ತಿರುಗಿಸುವ ಯಂತ್ರವೆಂದು ಭಾವಿಸುತ್ತಾರೆ. ಅದಲ್ಲ. ಕಪಿಲೆ ಬಾವಿ ಕಂಡ ಹಿರಿಯರಿಗೆ ಇದನ್ನು ವಿವರಿಸುವುದು ಸುಲಭ. ಚರ್ಮದ ಚೀಲ ತೀರಾ ದೊಡ್ಡದಾದರೆ ಎತ್ತುಗಳು ನಿಂತುಬಿಡುತ್ತವೆ. ತೀರಾ ಚಿಕ್ಕದಾದರೆ ಬೇಗ ನಡೆದರೂ ನೀರು ಬರುವುದು ಕಡಿಮೆ. ನಡುವೆ ಎಲ್ಲೋ ಒಂದು ತಕ್ಕ ಅಳತೆಯಿದೆ. ಫಲಕದ ಮಟ್ಟಿಗೆ ಆ ಅಳತೆ ಬಿಸಿಲು, ಶಾಖ, ನೆರಳಿಗೆ ತಕ್ಕಂತೆ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಅದನ್ನು ಹುಡುಕಿ ಹಿಡಿಯುವುದೇ ಈ ಸರ್ಕ್ಯೂಟಿನ ಕೆಲಸ.

ಇಲ್ಲಿಯೇ ನಮ್ಮ ನೆಲದ ಪ್ರಶ್ನೆ ಏಳುತ್ತದೆ. ಫಲಕದ ಹಿಂಬದಿಯ ಚೀಟಿಯಲ್ಲಿರುವ ಅಂಕಿಗಳು 25 ಡಿಗ್ರಿ ಶಾಖಕ್ಕೆ ಅನ್ವಯಿಸುವಂಥವು. ಹುನಗುಂದದ ಬೇಸಿಗೆಯಲ್ಲಿ ತಗಡಿನ ಮೇಲೆ ಮಲಗಿಸಿದ ಫಲಕ 70 ಡಿಗ್ರಿ ಮುಟ್ಟಿದರೆ ಅಚ್ಚರಿಯಿಲ್ಲ. ಪ್ರತಿ ಡಿಗ್ರಿಗೆ ಸುಮಾರು ಶೇ 0.4ರಂತೆ ಶಕ್ತಿ ಕುಗ್ಗುವುದರಿಂದ 300 ವ್ಯಾಟಿನ ಫಲಕ 250ರ ಆಸುಪಾಸಿಗೆ ಇಳಿಯುತ್ತದೆ. ವೋಲ್ಟೇಜಿನ ಕತೆ ಇನ್ನೂ ಗಂಭೀರ. ಚೀಟಿಯಲ್ಲಿ 32 ವೋಲ್ಟ್ ಇದ್ದದ್ದು 26–27ಕ್ಕೆ ಬೀಳುತ್ತದೆ. 24 ವೋಲ್ಟಿನ ಸೀಸದ ಬ್ಯಾಟರಿ ಪೂರ್ತಿ ತುಂಬಲು 28ಕ್ಕೂ ಹೆಚ್ಚು ಬೇಕು. ಅಂದರೆ ಬಿಸಿಲು ರಣಗುಟ್ಟುವ ಮಧ್ಯಾಹ್ನದಲ್ಲೇ ಬ್ಯಾಟರಿ ತುಂಬದು! ವೋಲ್ಟೇಜನ್ನು ಇಳಿಸುವ ಮಾದರಿಯ ಎಂಪಿಪಿಟಿ ಕೊಂಡು ತಂದರೂ ಇದಕ್ಕೆ ಪರಿಹಾರವಿಲ್ಲ. ಬದಲಿಗೆ ಇ-ರಿಕ್ಷಾಗಳಲ್ಲಿರುವಂತೆ 48 ವೋಲ್ಟಿನ ಬ್ಯಾಟರಿ ಇಟ್ಟು, ಫಲಕದ ವೋಲ್ಟೇಜನ್ನು ಏರಿಸುವ ಸರ್ಕ್ಯೂಟು ಕಟ್ಟಿದರೆ ಚಳಿಗಾಲದ ಮುಂಜಾನೆಯಿಂದ ವೈಶಾಖದ ನಡುಹಗಲಿನವರೆಗೂ ಅದು ಕೆಲಸ ಮಾಡುತ್ತದೆ.

ನೆರಳಿನದು ಇನ್ನೊಂದು ತೊಡಕು. ಸರ್ಕ್ಯೂಟು ವೋಲ್ಟೇಜನ್ನು ತುಸು ಸರಿಸಿ, ಶಕ್ತಿ ಹೆಚ್ಚಿತೇ ತಗ್ಗಿತೇ ಎಂದು ನೋಡಿ ಮುಂದಿನ ಹೆಜ್ಜೆ ಇಡುತ್ತದೆ. ಮನೆಯ ಮೇಲಿನ ಫಲಕಕ್ಕೆ ಇಷ್ಟು ಸಾಕು. ಚಲಿಸುವ ಗಾಡಿಯ ಮೇಲೆ ಬೇವಿನ ಮರದ ನೆರಳು ಹಾದರೆ, ಶಕ್ತಿ ತಗ್ಗಿದ್ದು ತನ್ನ ಹೆಜ್ಜೆಯಿಂದಲೇ ಎಂದು ತಿಳಿದು ಅದು ದಿಕ್ಕು ತಪ್ಪುತ್ತದೆ. ಪ್ರೋಗ್ರಾಂ ಬರೆಯುವವರು ಓಣಿಗಳಲ್ಲಿ ಗಾಡಿ ಓಡಿಸಿ ನೋಡದೆ ಇದು ಸರಿಹೋಗದು.

ಇಷ್ಟೆಲ್ಲ ಕಷ್ಟಪಟ್ಟು ದಕ್ಕುವುದೆಷ್ಟು? ದಿನಕ್ಕೆ ಐದು ತಾಸು ಪೂರ್ಣ ಬಿಸಿಲೆಂದರೆ ಒಂದೂವರೆ ಯೂನಿಟ್. ಶಾಖ, ಗ್ರಾನೈಟ್ ಕ್ವಾರಿಗಳ ದೂಳು, ಪರಿವರ್ತನೆಯ ನಷ್ಟ ಕಳೆದು ಒಂದು ಯೂನಿಟ್ ಉಳಿದೀತು. ಹಗುರ ಗಾಡಿಗೆ ಕಿಲೋಮೀಟರಿಗೆ 25 ವ್ಯಾಟ್-ಗಂಟೆ ಹಿಡಿದರೂ 40 ಕಿ.ಮೀ. ಓಡಬಹುದು. ನೇಕಾರನಿಗೂ ವ್ಯಾಪಾರಿಗೂ ನಡುವಣ ಓಡಾಟಕ್ಕೆ ಅದು ಧಾರಾಳ. ಬಾದಾಮಿಯ ಏರುದಾರಿಗೆ ಸಾಲದು, ಹೆದ್ದಾರಿಗಂತೂ ಸಲ್ಲದು.

ಬಾಗಲಕೋಟೆಯಲ್ಲಿ 1963ರಿಂದ ಎಂಜಿನಿಯರಿಂಗ್ ಶಿಕ್ಷಣವಿದೆ. ಪ್ರತಿಭೆಗೆ ಬರವಿಲ್ಲ. ಪ್ರಾಜೆಕ್ಟುಗಳ ಮೌಲ್ಯಮಾಪನ ಪ್ರಯೋಗಾಲಯದ ಮೇಜಿನ ಮೇಲೆ ಮುಗಿಯುವ ಬದಲು, ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಇಳಕಲ್ಲಿನ ಓಣಿಯಲ್ಲಿ, ಐವತ್ತು ಕಿಲೋ ಹೇರಿದ ಗಾಡಿಯ ಮೇಲೆ ನಡೆಯಲಿ. ಕೆಟ್ಟಾಗ ಬಿಚ್ಚಿ ಸರಿಪಡಿಸಬೇಕಾದ ಊರಿನ ರೇಡಿಯೊ-ಟಿ.ವಿ. ರಿಪೇರಿಯವರನ್ನೂ ಅಂದು ಪರೀಕ್ಷಕರ ಪಕ್ಕದಲ್ಲಿ ಕೂರಿಸಬೇಕು.