ನೊಣದ ಜತೆ ಜ್ಯಾಕ್ ಎಲಾಮ್
ಸೆರ್ಜಿಯೋ ಲಿಯೋನೆಯ 1968ರ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ ಚಿತ್ರ ಶುರುವಾಗುವುದೇ ಕಾಯುವುದರಿಂದ. ಬಿಸಿಲಲ್ಲಿ ಬೇಯುವ ರೈಲು ನಿಲ್ದಾಣ, ಒಬ್ಬನನ್ನು ಕೊಲ್ಲಲು ಬಂದು ಕೂತ ಮೂವರು. ಅವರಲ್ಲೊಬ್ಬನ ಕುರುಚಲು ಗಡ್ಡದ ಮೇಲೆ ನೊಣ ಕೂರುತ್ತದೆ. ಕೈ ಎತ್ತಲೂ ಅವನಿಗೆ ಬೇಸರ; ತುಟಿ ಸೊಟ್ಟ ಮಾಡಿ ಉಫ್ ಎನ್ನುತ್ತಾನೆ. ಹಾರಿದ ನೊಣ ಮತ್ತೆ ಬರುತ್ತದೆ. ಕೊನೆಗೆ ಅದನ್ನು ಪಿಸ್ತೂಲಿನ ನಳಿಗೆಯೊಳಗೆ ಸಿಕ್ಕಿಸಿ, ಬೆರಳಿಂದ ಮುಚ್ಚಿ, ಕಿವಿಗೆ ಹತ್ತಿರ ಹಿಡಿದು ಗುಂಯ್‌ಗುಡುವುದನ್ನು ಕೇಳುತ್ತಾ ಮುಗುಳ್ನಗುತ್ತಾನೆ. ಅವನೇ ಜ್ಯಾಕ್ ಎಲಾಮ್. ರೈಲು ಬಂದ ಸ್ವಲ್ಪ ಹೊತ್ತಿಗೆಲ್ಲ ಗುಂಡೇಟಿಗೆ ಬೀಳುವ ಪಾತ್ರ. ಆದರೂ ಆ ಚಿತ್ರವೆಂದರೆ ನನಗೆ ಮೊದಲು ನೆನಪಾಗುವುದು ಆ ಮುಖವೇ. ಬಾಲ್ಯದಲ್ಲಿ ಪೆನ್ಸಿಲ್ ಚುಚ್ಚಿ ಎಲಾಮ್‌ನ ಎಡಗಣ್ಣಿನ ದೃಷ್ಟಿ ಹೋಗಿತ್ತು. ನಟನಾಗುವ ಮುಂಚೆ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ. ಒಂದೊಂದು ಒಂದೊಂದು ದಿಕ್ಕಿಗೆ ನೋಡುವ ಆ ಕಣ್ಣುಗಳನ್ನಿಟ್ಟುಕೊಂಡೇ ‘ಗನ್‌ಸ್ಮೋಕ್’ನಂಥ ಟಿವಿ ಧಾರಾವಾಹಿಗಳಲ್ಲಿ ವರ್ಷಗಟ್ಟಲೆ ಹೆದರಿಸಿದ, 1969ರ ‘ಸಪೋರ್ಟ್ ಯುವರ್ ಲೋಕಲ್ ಶೆರಿಫ್’ನಲ್ಲಿ ಅದೇ ಕಣ್ಣುಗಳಿಂದ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ. ಅಲ್ಲಿ ನಾಯಕ ಜೇಮ್ಸ್ ಗಾರ್ನರ್, ಚೆಲುವ, ಮಾತಿನಲ್ಲಿ ಚುರುಕು. ಆದರೆ ಸಹಾಯಕನಾದ ಎಲಾಮ್ ಸುಮ್ಮನೆ ಮೂಲೆಯಲ್ಲಿ ನಿಂತಿದ್ದರೂ ನಾನು ನೋಡುತ್ತಿರುವುದು ಅವನನ್ನೇ.